ದ್ವಿಮುಖಧ್ವನಿ ಮೀಮಾಂಸೆ

ವಿಷಯ: ಒಂದೇ ಕಂಪ್ಯೂಟರಿನ ಸದ್ದು ಏಕಕಾಲಕ್ಕೆ ಎರಡು ಬಾಯಿಂದ ಹೊರಡಬಲ್ಲದೇ? ಸಂಶಯ: ಹೊರಟರೂ ಜೊತೆಯಾಗಿ ಸಾಗಬಲ್ಲದೇ? ಮೊದಲನೆಯದು ಕ್ಷುದ್ರ ಪ್ರಶ್ನೆ. 1979ರ ಮೊದಲ ವಾಕ್‌ಮನ್‌ನಲ್ಲೇ ಹೆಡ್‌ಫೋನಿಗೆ ಎರಡು ತೂತುಗಳಿದ್ದವು. ಇಂದು ಅಂಗಡಿಯಲ್ಲಿ ಸ್ಪ್ಲಿಟರ್ ಸಿಗುತ್ತದೆ. ಸ್ಪ್ಲಿಟರ್‌ನಿಂದ ತೃಪ್ತರಾಗುವವರು ಈ ಗ್ರಂಥಕ್ಕೆ ಅಧಿಕಾರಿಗಳಲ್ಲ.

ಉದಾಹರಣೆಗೆ ದೇವದತ್ತನನ್ನೇ ತೆಗೆದುಕೊಳ್ಳೋಣ. ಹಗಲು ಉಣ್ಣದ ಈತ ದಪ್ಪಗಿರುವುದರಿಂದ ರಾತ್ರಿ ಉಣ್ಣುತ್ತಾನೆಂದು ಪ್ರಾಚೀನ ಮೀಮಾಂಸಕರು ಊಹಿಸಿದರು. ಉಣ್ಣುತ್ತಾ ಲ್ಯಾಪ್‌ಟಾಪಿನಲ್ಲಿ ಕ್ರಿಕೆಟ್ ನೋಡುತ್ತಾನೆಂಬುದನ್ನು ಯಾಕೋ ಬರೆದಿಡಲಿಲ್ಲ. ಈತನಿಗೆ ಸ್ಪೀಕರ್ ಸಾಕು. ಕಿವಿ ಮಂದವಾದ ಅಜ್ಜಿಗೆ ಬ್ಲೂಟೂತ್ ಹೆಡ್‌ಫೋನ್ ಬೇಕು. ಅಜ್ಜಿಯ ಹೆಡ್‌ಫೋನ್ ಸೇರಿದೊಡನೆ ಸ್ಪೀಕರ್ ಮೌನವ್ರತ ಹಿಡಿಯುತ್ತದೆ.

ಇಲ್ಲಿ ವಿಂಡೋಸ್ ಮತದವರು ಹೇಳುವುದೇನೆಂದರೆ, ರೆಕಾರ್ಡಿಂಗ್ ಪಟ್ಟಿಯಲ್ಲಿ ಅಡಗಿ ಮಲಗಿರುವ ಸ್ಟೀರಿಯೋ ಮಿಕ್ಸ್ ಅನ್ನು ಎಬ್ಬಿಸಿ, ಲಿಸನ್ ಎಂಬಲ್ಲಿ ಟಿಕ್ ಹಾಕಿ, ಹೆಡ್‌ಫೋನನ್ನು ತೋರಿಸಬೇಕು. ಅಂದರೆ ಸ್ಪೀಕರಿಗೆ ಆಡಿದ ಮಾತನ್ನು ಕದ್ದು ಕೇಳಿ ಹೆಡ್‌ಫೋನಿಗೆ ಚಾಡಿ ಹೇಳುವ ಕ್ರಮ. ದೋಷ: ಎಷ್ಟೋ ಯಂತ್ರಗಳಲ್ಲಿ ಎಬ್ಬಿಸಲು ಅಲ್ಲಿ ಯಾರೂ ಮಲಗಿರುವುದಿಲ್ಲ. ಮ್ಯಾಕ್ ಮತದವರದು ಸುಲಭ. ಆಡಿಯೋ ಮಿಡಿ ಸೆಟಪ್‌ನಲ್ಲಿ ಮಲ್ಟಿ-ಔಟ್‌ಪುಟ್ ಡಿವೈಸ್ ಕಟ್ಟಿದರಾಯಿತು, ಕೀಬೋರ್ಡಿನ ವಾಲ್ಯೂಮ್ ಗುಂಡಿಯನ್ನು ತ್ಯಾಗ ಮಾಡಬೇಕು ಅಷ್ಟೆ. ಲಿನಕ್ಸ್ ಮತದಲ್ಲಿ ಒಂದು ಸಾಲಿನ ಆಜ್ಞೆ ಸಾಕು, ಆದರೆ ಯಾವ ಸಾಲು ಎಂಬುದರಲ್ಲಿ ಆಚಾರ್ಯಭೇದವುಂಟು.

ಇನ್ನು ಸಿದ್ಧಾಂತ. ಎರಡೂ ಕಡೆ ಸೆಕೆಂಡಿಗೆ 48,000 ಮಾದರಿ ಎಂದು ಬರೆದಿರುತ್ತದೆ, ನಂಬಬಾರದು. ಪ್ರತಿ ಸಾಧನಕ್ಕೂ ತನ್ನದೇ ಸ್ಫಟಿಕ, ತನ್ನದೇ ಕಾಲ. ಎರಡರ ನಡುವೆ ಹತ್ತು ಲಕ್ಷಕ್ಕೆ ಬರೀ 50ರಷ್ಟು ವ್ಯತ್ಯಾಸವಿದ್ದು, ಸರಿಪಡಿಸುವವರಿಲ್ಲದಿದ್ದರೆ, ಮೂರು ಗಂಟೆಯಲ್ಲಿ ಅರ್ಧ ಸೆಕೆಂಡು ಮೀರಿ ಅಗಲುತ್ತವೆ. ಮ್ಯಾಕ್‌ನ ಡ್ರಿಫ್ಟ್ ಕರೆಕ್ಷನ್ ಈ ದಾಂಪತ್ಯವನ್ನು ಉಳಿಸಲೆಂದೇ ಇದೆ.

ಬ್ಲೂಟೂತಿನ ವಿಳಂಬ ಬೇರೆಯೇ ಪ್ರಕರಣ. ಸದ್ದನ್ನು ಹಿಂಡಿ, ಕಳಿಸಿ, ಬಿಡಿಸುವಷ್ಟರಲ್ಲಿ ಸುಮಾರು 200 ಮಿಲಿಸೆಕೆಂಡು ಕಳೆದುಹೋಗುವುದು ಸಾಮಾನ್ಯ. ಮೂವತ್ತು ನಲವತ್ತು ಮಿಲಿಸೆಕೆಂಡಿನೊಳಗಿನ ಅಂತರವನ್ನಾದರೆ ಕಿವಿ ಮನ್ನಿಸಿ ಒಂದೇ ಮಾತೆಂದು ಕೇಳುತ್ತದೆಂಬುದು ಹೆಲ್ಮುಟ್ ಹಾಸ್ 1949ರಲ್ಲಿ ಮಾಡಿದ ನಿರ್ಣಯ. ಶಬ್ದ ಸೆಕೆಂಡಿಗೆ 343 ಮೀಟರ್ ಓಡುವುದರಿಂದ 200 ಮಿಲಿಸೆಕೆಂಡೆಂದರೆ ಸುಮಾರು 69 ಮೀಟರ್. ಬೌಂಡರಿ ಗೆರೆ ಪಿಚ್ಚಿನ ನಡುವಿನಿಂದ 59ರಿಂದ 82 ಮೀಟರಿನೊಳಗೆ ಇರಬೇಕೆಂಬುದು ಪುರುಷರ ಅಂತರರಾಷ್ಟ್ರೀಯ ಪಂದ್ಯದ ವಿಧಿ. ಆದ್ದರಿಂದ ದೇವದತ್ತನ ಪಕ್ಕದ ಚಾಪೆಯ ಮೇಲೆ ಕೂತ ಅಜ್ಜಿ ಶಾಸ್ತ್ರತಃ ಬೌಂಡರಿಯಲ್ಲಿ ಫೀಲ್ಡಿಂಗ್ ಮಾಡುತ್ತಿದ್ದಾರೆ.

ಆಕ್ಷೇಪ: ಮೊಮ್ಮಗ ಎದ್ದು ಕುಣಿದ ಮೇಲೆ ಅಜ್ಜಿಗೆ ವಿಕೆಟ್ ಬೀಳುವುದು ಅನ್ಯಾಯವಲ್ಲವೇ? ಸಮಾಧಾನ: ವಾಯ್ಸ್‌ಮೀಟರ್‌ನಂಥ ತಂತ್ರಾಂಶದಿಂದ ಸ್ಪೀಕರಿನ ಸದ್ದನ್ನೂ ಅಷ್ಟೇ ಹೊತ್ತು ತಡೆಹಿಡಿಯಬಹುದು. ಆಗ ಇಬ್ಬರಿಗೂ ಒಟ್ಟಿಗೆ ಕೇಳಿಸುತ್ತದೆ, ತೆರೆಯ ಮೇಲೆ ಮಾತ್ರ ಬೇಲ್ಸ್ ಮೊದಲೇ ಹಾರಿರುತ್ತವೆ. ಚಿತ್ರವನ್ನು ತಡೆಯುವ ವಿಧಿಯನ್ನು ಎರಡನೆಯ ಸಂಪುಟದಲ್ಲಿ ವಿಸ್ತರಿಸಲಾಗುವುದು. ಮುಂಗಡ ಕಳಿಸಿದವರಿಗೆ ಅಂಚೆವೆಚ್ಚ ಇಲ್ಲ.