ನೀಲಗುಂದೀಯ ಪಿಸ್ತೂಲುಶಾಸ್ತ್ರ: ನಿಃಶಬ್ದದೋಷ ಪ್ರಕರಣ

ಪೀಠಿಕೆ

ದೀಪಾವಳಿಗೆಂದು ಹೊಸದಾಗಿ ಕೊಂಡ ರೀಲು ಪಿಸ್ತೂಲು ಮೊದಲ ನಾಲ್ಕು ಸಲ "ಢಂ" ಎಂದು, ಐದನೆಯ ಸಲ "ಟಿಕ್" ಎಂದು, ಆಮೇಲೆ ಅದನ್ನೂ ಅನ್ನದೆ ಸುಮ್ಮನಾಗುವುದು ಸರ್ವವಿದಿತ. ಇಷ್ಟು ವ್ಯಾಪಕವಾದ ದೋಷದ ಬಗ್ಗೆ ವಿದ್ವಾಂಸರು ಇದುವರೆಗೆ ಬಾಯಿ ಬಿಟ್ಟಿಲ್ಲ. ಶಾಸನದಲ್ಲಿ ಒಂದಕ್ಷರ ಸವೆದಿದ್ದರೆ ಮೂರು ತಲೆಮಾರು ಜಗಳವಾಡುವ ಸಂಶೋಧನಾ ಲೋಕ, ಎಂಟು ವರ್ಷದ ಹುಡುಗನ ಕೈಯಲ್ಲಿ ಪಿಸ್ತೂಲು ಮೂಕವಾದಾಗ ಪಕ್ಕದಲ್ಲೇ ಕೂತು ಕರ್ಜಿಕಾಯಿ ತಿನ್ನುತ್ತಿತ್ತು. ಆ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಸ್ಥಳನಿರ್ಣಯ. ನೀಲಗುಂದ ಎಂಬ ಊರು ಗದಗ ಸೀಮೆಯಲ್ಲೂ ಒಂದುಂಟು. ರಾಷ್ಟ್ರಕೂಟ ಅಮೋಘವರ್ಷನ ಕಾಲದ, ಕ್ರಿ.ಶ. 866ರ ಶಾಸನ ಸಿಕ್ಕಿದ್ದು ಅಲ್ಲಿ. ನಮ್ಮ ಪಿಸ್ತೂಲು ಕೆಟ್ಟದ್ದು ಹರಪನಹಳ್ಳಿ ತಾಲ್ಲೂಕಿನ, ಚಾಲುಕ್ಯರ ಕಾಲದ ಭೀಮೇಶ್ವರ ಗುಡಿ ಇರುವ ನೀಲಗುಂದದಲ್ಲಿ. ಮುಂದಿನ ಸಂಶೋಧಕರು ಆ ಊರಿನ ಶಾಸನವನ್ನು ಈ ಊರಿಗೂ, ಈ ಊರಿನ ಪಿಸ್ತೂಲನ್ನು ಅಮೋಘವರ್ಷನಿಗೂ ಅಂಟಿಸಬಾರದೆಂದು ಈಗಲೇ ದಾಖಲಿಸಲಾಗಿದೆ.

ಈ ಅಧ್ಯಯನಕ್ಕೆ ಇದೇ ಊರು ತಕ್ಕದ್ದೆನ್ನಲು ಇನ್ನೊಂದು ಕಾರಣವೂ ಇದೆ. ಹರಪನಹಳ್ಳಿ ಸೀಮೆ 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಜೊತೆ ಮದ್ರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು. 2018ರಲ್ಲಿ ಬಳ್ಳಾರಿಗೆ ವಾಪಸಾಯಿತು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಕೂತಲ್ಲಿಂದ ಕದಲದೆಯೇ ಇಷ್ಟು ಮುಂದೆ ಸಾಗಿದ ಊರಿನಲ್ಲಿ, ಸಾಗುವುದೇ ಕಸುಬಾದ ಕಾಗದದ ರೀಲು ಕಾಲಂಗುಲವೂ ಸಾಗದೆ ಕೂರುವುದನ್ನು ಶಾಸ್ತ್ರ ಸಹಿಸದು.

ಲಕ್ಷಣ

ಮದ್ದಿನ ಚುಕ್ಕಿಗೆ ಬಡಿಯುವ ಕುದುರೆ, ಟ್ರಿಗರು, ಸ್ಪ್ರಿಂಗು, ರೀಲು ಕೂರುವ ಡಬ್ಬಿ, ರೀಲನ್ನು ಮೇಲಕ್ಕೆ ತಳ್ಳುವ ಹಲ್ಲು: ಇವು ಈ ಆಯುಧದ ಪಂಚಾಂಗ. ನಳಿಗೆ ಎಂಬ ಆರನೆಯ ಅಂಗವೂ ಇದೆ. ಅದರಿಂದ ಏನೂ ಹೊರಬರುವುದಿಲ್ಲವಾದ್ದರಿಂದ ಅದನ್ನು ಅಲಂಕಾರಶಾಸ್ತ್ರಕ್ಕೆ ಬಿಡಲಾಗಿದೆ.

ಇದನ್ನು ಅರೆ ಸ್ವಯಂಚಾಲಿತ ಎನ್ನಬಹುದೇ? 1893ರ ಬೋರ್ಶಾರ್ಟ್ ಪಿಸ್ತೂಲಿನಲ್ಲಿ ಗುಂಡು ಹಾರಿದ ಹಿಂದೊದೆತವೇ ಮುಂದಿನ ಗುಂಡನ್ನು ತಂದು ಕೂರಿಸುತ್ತಿತ್ತು, ಬೆರಳಿಗೆ ಒತ್ತುವ ಕೆಲಸ ಮಾತ್ರ. ರೀಲು ಪಿಸ್ತೂಲಿನಲ್ಲಿ ಮುಂದಿನ ಚುಕ್ಕಿಯನ್ನು ತರುವುದೂ ಅದೇ ಬೆರಳು, ಹಾಗಾಗಿ ಎನ್ನಲಾಗದು ಎಂದು ಒಂದು ವಾದ. ಒಂದು ಒತ್ತಿಗೆ ಒಂದು ಸದ್ದು, ಮತ್ತೊಂದು ಒತ್ತಿಗೆ ಮತ್ತೊಂದು, ನಡುವೆ ಏನನ್ನೂ ತುಂಬಬೇಕಿಲ್ಲ, ಹಾಗಾಗಿ ಎನ್ನಬಹುದು ಎಂದು ಮಾಲೀಕನಾದ ಹುಡುಗನ ವಾದ. ಮಾಲೀಕ ಅಳಲು ಶುರುಮಾಡಿದ್ದರಿಂದ ಎರಡನೆಯ ವಾದವನ್ನು ಸಭೆ ಅಂಗೀಕರಿಸಿತು.

ಕಾನೂನಿನ ವಿಚಾರ ಸರಳ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸು ಇದಕ್ಕೆ ಬೇಡ, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಬೇಕಾಗಿಯೂ ಇಲ್ಲ. ಪಟಾಕಿಯ ಸದ್ದು ಸಿಡಿದ ಜಾಗದಿಂದ ನಾಲ್ಕು ಮೀಟರ್ ದೂರದಲ್ಲಿ 125 ಡೆಸಿಬಲ್ ಮೀರಬಾರದೆಂಬ ನಿಯಮವಿದೆ. ನಮ್ಮ ಪಿಸ್ತೂಲು ಐದನೆಯ ಏಟಿನಿಂದ ಅದನ್ನು ದೇಶದ ಬೇರಾವ ಪಟಾಕಿಗಿಂತಲೂ ನಿಷ್ಠೆಯಿಂದ ಪಾಲಿಸುತ್ತಿದೆ.

ವಂಶಾವಳಿ

ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್‌ಗೆ ಹಕ್ಕಿ ಬೇಟೆಯ ಹುಚ್ಚು. ಚಕಮಕಿ ಬಂದೂಕಿನಲ್ಲಿ ಮೊದಲು ಕಿಡಿ, ಆಮೇಲೆ ಗುಂಡು. ಕಿಡಿ ಕಂಡ ಹಕ್ಕಿ ಗುಂಡು ಬರುವಷ್ಟರಲ್ಲಿ ಹಾರಿಹೋಗಿರುತ್ತಿತ್ತು. ಪೆಟ್ಟಿಗೇ ಸಿಡಿಯುವ ಮದ್ದನ್ನು ಬಂದೂಕಿಗೆ ಹೂಡುವ ಕ್ರಮಕ್ಕೆ ಅವರು 1807ರಲ್ಲಿ ಪೇಟೆಂಟ್ ಪಡೆದರು. ಹಕ್ಕಿಗಳ ಜಾಣತನವೇ ಹೀಗೆ ನಮ್ಮ ಶಾಸ್ತ್ರಕ್ಕೆ ಮೂಲ.

ಎರಡನೆಯ ಋಷಿ ಎಡ್ವರ್ಡ್ ಮೇನಾರ್ಡ್, ಅಮೆರಿಕದ ಹಲ್ಲಿನ ಡಾಕ್ಟರು. ಕಾಗದದ ಪಟ್ಟಿಯ ಪದರಗಳ ನಡುವೆ ಸಾಲಾಗಿ ಮದ್ದಿನ ಚುಕ್ಕಿ ಇಟ್ಟು, ಸುರುಳಿ ಸುತ್ತಿ, ಕುದುರೆ ಎಳೆದಾಗಲೆಲ್ಲ ಒಂದೊಂದು ಚುಕ್ಕಿ ಮುಂದೆ ಬರುವಂತೆ ಮಾಡಿ 1845ರಲ್ಲಿ ಪೇಟೆಂಟ್ ಪಡೆದರು. ಕಿರಾಣಿ ಅಂಗಡಿಯಲ್ಲಿ ಸಿಗುವ ರೀಲಿನ ಮೂಲಪುರುಷ ಇವರೇ. ಅಮೆರಿಕದ ಸೈನ್ಯ ಈ ರೀಲನ್ನು 1855ರ ಮಾದರಿಯ ಬಂದೂಕಿಗೆ ಅಳವಡಿಸಿತು. ಥಂಡಿಗೆ ಕಾಗದ ಮೆತ್ತಗಾಯಿತು, ಚುಕ್ಕಿ ಕೈಕೊಟ್ಟಿತು, ಯಂತ್ರ ಕಟ್ಟಿಕೊಂಡಿತು. 1861ರ ಮಾದರಿ ಬರುವಷ್ಟರಲ್ಲಿ ರೀಲನ್ನು ಕಿತ್ತುಹಾಕಿ, ಸಿಪಾಯಿಗಳು ಒಂದೊಂದೇ ಕೇಪನ್ನು ಕೈಯಿಂದ ಕೂರಿಸಿಕೊಳ್ಳಲಿ ಎಂದರು.

ಗಮನಿಸತಕ್ಕ ಅಂಶವಿದು: ನೀಲಗುಂದದ ಹುಡುಗ "ಇದು ಹೊಡೀವಲ್ದು" ಎಂದು ಮಂಡಿಸಿದ ದೂರು, ಒಂದು ದೇಶದ ಸೈನ್ಯ ತನ್ನ ಬಂದೂಕಿನ ಮೇಲೆ ಹೇಳಿದ ದೂರೇ ಆಗಿದೆ. ವ್ಯತ್ಯಾಸವೆಂದರೆ ಸೈನ್ಯಕ್ಕೆ ಅರ್ಥವಾಗಲು ವರ್ಷಗಳು ಹಿಡಿದವು.

ಪೂರ್ವಪಕ್ಷ

ದೋಷಕಾರಣದ ಬಗ್ಗೆ ಊರಿನಲ್ಲಿ ಮೂರು ಪಂಥಗಳಿವೆ.

ಅಂಗಡಿ ಪಂಥ: "ಪಿಸ್ತೂಲಿಗೇನೂ ಆಗಿಲ್ಲ ತಮ್ಮಾ, ರೀಲ್ ಮೆತ್ತಗಾಗೈತಿ. ಇನ್ನೊಂದ್ ಡಬ್ಬಿ ತಗಾ." ಈ ಪಂಥದ ತರ್ಕದಲ್ಲಿ ಎಲ್ಲ ರೋಗಕ್ಕೂ ಇನ್ನೊಂದು ಡಬ್ಬಿಯೇ ಔಷಧಿ.

ಅಪ್ಪನ ಪಂಥ: "ಐದೇಟಿಗೆ ಕೆಡಾದು ಅದೂ ಒಂದು ಪಿಸ್ತೂಲೇನಲೇ? ಅವಾಗ್ಲೇ ಬ್ಯಾಡ ಅಂದಿದ್ದೆ." ಇದು ಕಾರಣವನ್ನು ತಿಳಿಸುವುದಿಲ್ಲ, ಹೊಣೆಯನ್ನು ಹಂಚುತ್ತದೆ.

ಅಜ್ಜಿ ಪಂಥ: "ಯಾರ್ದೋ ಕಣ್ಣು ಬಿದ್ದೈತಿ." ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಪಕ್ಕದ ಓಣಿಯ ಹುಡುಗರೆಲ್ಲ ಅದನ್ನು ನೋಡಿದ್ದು ನಿಜ.

ದೈವಾಜ್ಞೆಯ ಸಾಧ್ಯತೆಯನ್ನೂ ಪರಿಶೀಲಿಸಲಾಯಿತು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ದೈವವಾಣಿ ನುಡಿಯುವ ಕಾರಣಿಕದ ದಿನ ಗೊರವಯ್ಯ ಬಿಲ್ಲನ್ನೇರಿ "ಸದ್ದಲೇ" ಎಂದು ಕೂಗಿದರೆ ಕಿಕ್ಕಿರಿದ ಜಾತ್ರೆಯೂ ಉಸಿರು ಹಿಡಿಯುತ್ತದೆ. ಆದರೆ ಕಾರಣಿಕ ನಡೆಯುವುದು ಭರತ ಹುಣ್ಣಿಮೆಯ ಹೊತ್ತಿಗೆ, ನಮ್ಮ ಪಿಸ್ತೂಲು ಸುಮ್ಮನಾದದ್ದು ಬಲಿಪಾಡ್ಯಮಿಗೆ. ಆದ್ದರಿಂದ ಕಾರಣವನ್ನು ಪಿಸ್ತೂಲಿನೊಳಗೇ ಹುಡುಕತಕ್ಕದ್ದು.

ಪರೀಕ್ಷೆ

ಸ್ಕ್ರೂ ಬಿಚ್ಚಿ ನೋಡಲಾಗಿ ನಾಲ್ಕು ಸಂಗತಿಗಳು ಕಂಡವು. ಒಂದು, ಹಿಂಗಾರು ಮಳೆಯ ಥಂಡಿಗೆ ಕಾಗದ ನೀರು ಹೀರಿ ಬಿಗುವು ಕಳೆದುಕೊಂಡಿತ್ತು, ಹಲ್ಲು ತಳ್ಳಿದರೆ ಮುಂದೆ ಹೋಗುವ ಬದಲು ಮಡಚಿಕೊಳ್ಳುತ್ತಿತ್ತು. ಎರಡು, ಸಿಡಿದ ಚುಕ್ಕಿಗಳ ಮಸಿ ಕುದುರೆ ಬಡಿಯುವ ತಗಡಿನ ಮೇಲೆ ಮೆತ್ತೆಯಂತೆ ಕೂತು ಪೆಟ್ಟಿನ ಕಸುವು ತಿನ್ನುತ್ತಿತ್ತು. ಮೂರು, ರೀಲು ಓರೆಯಾಗಿದ್ದುದರಿಂದ ಕುದುರೆ ಎರಡು ಚುಕ್ಕಿಗಳ ನಡುವಿನ ಬರೀ ಕಾಗದಕ್ಕೆ ಬಡಿಯುತ್ತಿತ್ತು. ನಾಲ್ಕನೆಯದು ಹೊಸ ಶೋಧ: ದೀಪಾವಳಿಗೆಂದು ಮುಂಚೆಯೇ ಕೊಂಡಿಟ್ಟ ಪಿಸ್ತೂಲಿಗೆ, ಆಯುಧವೆಂದ ಮೇಲೆ ಆಯುಧಪೂಜೆ ಆಗಲೇಬೇಕೆಂದು ದಸರೆಯಲ್ಲಿ ಹಚ್ಚಿದ ವಿಭೂತಿ ಕುಂಕುಮ ಹಲ್ಲಿನ ಸಂದಿಯಲ್ಲಿ ಗಟ್ಟಿಯಾಗಿ ಕೂತಿತ್ತು. ಬೋರ್ಶಾರ್ಟ್, ಮೇನಾರ್ಡ್ ಇಬ್ಬರೂ ಊಹಿಸದೇ ಹೋದ ದೋಷವಿದು.

ಈ ಹಂತದಲ್ಲಿ ಪರೀಕ್ಷಕನಾದ ಸೋದರಮಾವನ ಕೈಯಿಂದ ಸ್ಪ್ರಿಂಗು ಚಿಮ್ಮಿ ಮೆಕ್ಕೆಜೋಳದ ರಾಶಿಯೊಳಗೆ ಅಂತರ್ಧಾನವಾಯಿತು. ಸಣ್ಣ ದೋಷ ಮಹಾದೋಷವಾಗುವುದು ದುರಸ್ತಿಯ ಕಾಲದಲ್ಲೇ ಎಂಬ ನಿಯಮ ಇಲ್ಲಿ ಸಿದ್ಧವಾಯಿತು.

ಚಿಕಿತ್ಸಾಸೂತ್ರ

1. ಪಿಸ್ತೂಲನ್ನು ಬಿಚ್ಚುವ ಮುನ್ನ ರೀಲನ್ನು ಹೊರಗೆ ತೆಗೆಯತಕ್ಕದ್ದು.
2. ಮಸಿ ಒರೆಸಲು ಒಣ ಬಟ್ಟೆ. ಮದ್ದನ್ನು ಮೊಳೆಯಿಂದಾಗಲಿ ಉಗುರಿನಿಂದಾಗಲಿ ಕೆರೆಯಬಾರದು.
3. ಸದ್ದೇಕೆ ಬರಲಿಲ್ಲವೆಂದು ಕುದುರೆಯ ಬಳಿ ಕಣ್ಣಿಟ್ಟು ನೋಡಬಾರದು. ಅದು ಉತ್ತರ ಕೊಟ್ಟೀತು.
4. ರೀಲನ್ನು ಗೋಲಿಯ ಜೊತೆ ಚಡ್ಡಿಯ ಜೇಬಿನಲ್ಲಿಡಬಾರದು. ಉಜ್ಜಿದರೂ ಸಿಡಿಯುವುದು ಅದರ ಸ್ವಭಾವ.
5. ಒದ್ದೆ ರೀಲನ್ನು ಒಲೆಯ ಬಳಿಯಾಗಲಿ, ರಸ್ತೆಯಲ್ಲಿ ಹರಡಿದ ಮೆಕ್ಕೆಜೋಳದ ಪಕ್ಕದಲ್ಲಾಗಲಿ ಒಣಗಿಸಬಾರದು.
6. ಮುಂದಿನ ದಸರೆಯಲ್ಲಿ ಕುಂಕುಮ ನಳಿಗೆಗೆ ಮಾತ್ರ. ಆ ಅಂಗಕ್ಕೆ ಕೊನೆಗೂ ಒಂದು ಉಪಯೋಗ ದೊರೆತಂತಾಯಿತು.

ಸಿದ್ಧಾಂತ

ಸ್ಪ್ರಿಂಗಿಗಾಗಿ ಅಪ್ಪ, ಸೋದರಮಾವ ಮತ್ತು ಪಕ್ಕದ ಮನೆಯವರು ಮೆಕ್ಕೆಜೋಳ ಕೆದಕುತ್ತಿದ್ದಾಗ ಮಾಲೀಕ ರೀಲು ಹರಿದು, ಒಂದೊಂದೇ ಚುಕ್ಕಿಯನ್ನು ಕಟ್ಟೆಯ ಮೇಲಿಟ್ಟು ಗುಂಡುಕಲ್ಲಿನಿಂದ ಬಡಿಯತೊಡಗಿದ್ದ. ಪ್ರತಿ ಚುಕ್ಕಿಯೂ "ಢಂ" ಎಂದಿತು. 1861ರಲ್ಲಿ ಅಮೆರಿಕದ ಸೈನ್ಯ ತಲುಪಿದ ತೀರ್ಮಾನಕ್ಕೇ ಅವನೂ ತಲುಪಿದ್ದ, ಅದೂ ಕರ್ಜಿಕಾಯಿ ಮುಗಿಯುವುದರೊಳಗೆ. ಯಂತ್ರ ಕೆಟ್ಟಾಗ ದೊಡ್ಡವರಿಗೆ ಯಂತ್ರ ಸರಿಯಾಗಬೇಕು, ಹುಡುಗರಿಗೆ ಸದ್ದು ಬಂದರೆ ಸಾಕು. ನಿಃಶಬ್ದದೋಷ ಬಾಧಿಸಿದ್ದು ಪಿಸ್ತೂಲನ್ನಷ್ಟೇ, ದೀಪಾವಳಿಯನ್ನಲ್ಲ. ಭೀಮೇಶ್ವರ ಗುಡಿಯ ಕಲ್ಲಿನ ಮೇಲೆ ಮಾತ್ರ ಈ ಪ್ರಯೋಗ ನಿಷಿದ್ಧ. ಸುಮಾರು ಒಂಬತ್ತು ಶತಮಾನ ಉಳಿದು ಬಂದ ಗುಡಿಗೆ ಈ ಉಪಕಾರ ಸಲ್ಲಬೇಕು.

ಫಲಶ್ರುತಿ

ಈ ಪ್ರಕರಣವನ್ನು ಓದಿದವರಿಗೆ ಒಣ ರೀಲು, ಕೇಳಿದವರಿಗೆ ಚುಕ್ಕಿ ಚುಕ್ಕಿಗೂ ಸದ್ದು, ಬರೆದಿಟ್ಟುಕೊಂಡವರಿಗೆ ಕಳೆದ ಸ್ಪ್ರಿಂಗಿನ ಪುನಃಪ್ರಾಪ್ತಿ. ನಂಬದವರು ಮುಂದಿನ ವರ್ಷ ಸುರುಸುರುಬತ್ತಿ ಕೊಳ್ಳತಕ್ಕದ್ದು.