ಚಕ್ಕುಬಂದಿ

“ನಾನೀಗ ನಿಮ್ಮ ಅಡುಗೆಮನೇಲಿದೀನಿ ಕಣ್ರೀ!”

ಬೆಳಗ್ಗೆ ಏಳಕ್ಕೆ ಕಾಂಪೌಂಡಿನಾಚೆಯಿಂದ ಇಂಥ ಮಾತು ಕೇಳಿದರೆ ಯಾರಿಗಾದರೂ ಗಾಬರಿಯೇ. ನೋಡಿದರೆ ಪಕ್ಕದ ಮನೆಯ ರಾಯರು ತಮ್ಮ ತುಳಸಿಕಟ್ಟೆಯ ಪಕ್ಕದಲ್ಲೇ ನಿಂತಿದ್ದಾರೆ. ಅವರ ಮೊಬೈಲಿನ ನೀಲಿ ಚುಕ್ಕಿ ಮಾತ್ರ ಗೋಡೆ ಹಾರಿ ನಮ್ಮ ಒಲೆಯ ಹತ್ತಿರ ಬಂದು ಕೂತಿದೆ. ಬಯಲಲ್ಲಿ ನಿಂತರೂ ಫೋನಿನ ಜಿಪಿಎಸ್ ಐದು ಮೀಟರ್ ಆಚೀಚೆ ಆಗುವುದು ಮಾಮೂಲು. ಐದು ಮೀಟರ್ ಅಂದರೆ ಹದಿನಾರು ಅಡಿ, ಅಂದರೆ ನಮ್ಮ 30–40ರ ಸೈಟಿನ ಅರ್ಧಕ್ಕಿಂತ ಹೆಚ್ಚು ಅಗಲ. “ಕಾಫಿ ಆಗಿದೆ, ಚುಕ್ಕಿಗೇ ಕೊಡ್ಲಾ?” ಅಂದೆ.

ರಾಯರ ಮೊಬೈಲಿಗೆ ಅವರ ಮಗ ‘ದಿಶಾಂಕ್’ ಅನ್ನೋ ಆ್ಯಪ್ ಹಾಕಿಕೊಟ್ಟು ಒಂದು ವಾರವಾಗಿದೆ. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದವರು ಹಳೇ ಗ್ರಾಮನಕ್ಷೆಗಳನ್ನೆಲ್ಲ ಗಣಕಕ್ಕೇರಿಸಿ, ಉಪಗ್ರಹ ಚಿತ್ರದ ಮೇಲೆ ಹೊದಿಸಿ ಮಾಡಿರುವ ನಕ್ಷೆ ಅದು. ನಿಂತಲ್ಲಿ ಬೆರಳೂರಿದರೆ ಸಾಕು, ಸರ್ವೆ ನಂಬರು, ಊರು, ಹೋಬಳಿ, ತಾಲ್ಲೂಕು ಎಲ್ಲ ಬರುತ್ತದೆ. ಅಂದಿನಿಂದ ರಾಯರು ವಾಕಿಂಗ್ ಹೋಗುವುದಿಲ್ಲ, ಮೋಜಣಿಗೆ ಹೋಗುತ್ತಾರೆ.

“ನಾವು ಬೆಂಗಳೂರೋರೇ ಅಲ್ಲ ಗೊತ್ತೇನ್ರೀ? ಚಿಕ್ಕಲ್ಲಸಂದ್ರ ಗ್ರಾಮ, ಉತ್ತರಹಳ್ಳಿ ಹೋಬಳಿ!”

ಮೂವತ್ತು ವರ್ಷದಿಂದ ಮದುವೆ ಕರೆಯೋಲೆಯಲ್ಲೆಲ್ಲ ‘ಮೂರನೇ ಅಡ್ಡರಸ್ತೆ’ ಎಂದೇ ಅಚ್ಚು ಹಾಕಿಸಿದ ಮನುಷ್ಯ ಈಗ ಹಳ್ಳಿಗನಾದ ಖುಷಿಯಲ್ಲಿ ಹಿಗ್ಗುತ್ತಿದ್ದಾರೆ. ನಿಜ, ಅಡ್ಡರಸ್ತೆಗಳಿಗೆ ನೆನಪಿಲ್ಲ, ಸರ್ವೆ ನಂಬರಿಗಿದೆ. ನಮ್ಮ ವಾರ್ಡುಗಳನ್ನೇ ನೋಡಿ, 198 ಇದ್ದವು, 243 ಅಂದರು, 225 ಅಂದರು. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯೇ ಐದಾಯಿತು. ಕಸದ ಗಾಡಿ ಬರಲಿಲ್ಲವೆಂದು ಯಾರಿಗೆ ಫೋನು ಮಾಡಬೇಕೋ ತಿಳಿಯದೆ ಬೀದಿಯೇ ತಲೆ ಕೆರೆದುಕೊಂಡಿತು. ಚಿಕ್ಕಲ್ಲಸಂದ್ರ ಮಾತ್ರ ನಕ್ಷೆಯಲ್ಲಿ ಅಲ್ಲಾಡದೆ ಕೂತಿದೆ. ‘ಸಂದ್ರ’ ಅಂದರೆ ಸಮುದ್ರ ಅಂತೆ. ಕೆರೆ ಕಟ್ಟಿಸಿ ಸಮುದ್ರ ಅಂತ ಹೆಸರಿಟ್ಟವರ ಮುಂದೆ, ಎರಡು ಗುಂಟೆ ಬಡಾವಣೆಗೆ ‘ಲೇಕ್ ವ್ಯೂ’ ಅಂತ ಬೋರ್ಡು ಹಾಕುವ ನಮ್ಮವರು ಏನೇನೂ ಅಲ್ಲ.

ಗುಂಟೆ ಅಂದೆನಲ್ಲ, ಅದರ ಲೆಕ್ಕವೂ ರಾಯರದೇ. ಮೋಜಣಿಯವರ ಸರಪಳಿ 33 ಅಡಿ, ಅದರಲ್ಲಿ ಹದಿನಾರು ಆಣೆ. ಸರಪಳಿಯುದ್ದ ಸರಪಳಿಯಗಲ ಒಂದು ಗುಂಟೆ, 1089 ಚದರಡಿ. ಅಂಥ ನಲವತ್ತು ಸೇರಿದರೆ ಎಕರೆ. ನಮ್ಮ ಸೈಟು ಹಾಗಾದರೆ ಒಂದು ಗುಂಟೆ, ಒಂದೂವರೆ ಆಣೆ ಚಿಲ್ಲರೆ. ‘ಟ್ವೆಲ್ ಹಂಡ್ರೆಡ್ ಸ್ಕ್ವೇರ್ ಫೀಟ್’ ಅಂದಾಗ ಇದ್ದ ಗತ್ತು ಆಣೆ ಲೆಕ್ಕದಲ್ಲಿ ಇಳಿದೇ ಹೋಯಿತು.

ನಾನೂ ನನ್ನ ಫೋನಿನಲ್ಲಿ ಆ ನಕ್ಷೆ ತೆಗೆದೆ. ಸುಳ್ಳೇಕೆ, ಎದೆ ಸ್ವಲ್ಪ ಡವಗುಟ್ಟಿತು. 2016ರ ಆಗಸ್ಟಿನಲ್ಲಿ ರಾಜಕಾಲುವೆ ಮೇಲಿನ ಮನೆಗಳಿಗೆ ಜೆಸಿಬಿ ನುಗ್ಗಿದ್ದನ್ನು ಟೀವಿಯಲ್ಲಿ ನೋಡಿದವರಿಗೆ ಗ್ರಾಮನಕ್ಷೆಯ ಒಂದೊಂದು ಗೆರೆಯೂ ಹಾವಿನ ಹಾಗೇ ಕಾಣುತ್ತದೆ. ಪುಣ್ಯಕ್ಕೆ ಕಾಲುವೆ ಇಲ್ಲ, ಸರ್ಕಾರದ ಪಾಲಿನ ಬಿ ಖರಾಬು ಜಾಗವೂ ಇಲ್ಲ. ಆದರೆ ಸರ್ವೆ ಗೆರೆಯೊಂದು ಓರೆಯಾಗಿ ಬಂದು ರಾಯರ ಮನೆಯನ್ನು ಸೀಳಿಕೊಂಡು ಹೋಗಿದೆ. ದೇವರಮನೆ ಒಂದು ನಂಬರಿನಲ್ಲಿ, ಬಚ್ಚಲು ಇನ್ನೊಂದರಲ್ಲಿ. ಹೊಲದ ಬದು ಹೋದ ದಾರಿ ಅದು. ಬಡಾವಣೆ ಮಾಡಿದವರು ಅದರ ಮೇಲೆ ಚೌಕ ಚೌಕ ಕೊರೆದರು, ಅಷ್ಟೆ.

“ಸ್ನಾನಕ್ಕೆ ಹೋದ್ರೆ ಗಡಿ ದಾಟ್ದಂಗೆ,” ಅಂದರು ರಾಯರ ಹೆಂಡತಿ ಒಳಗಿನಿಂದ. “ಅದಕ್ಕೇ ಬೆಳಗ್ಗೆಯಿಂದ ಹೋಗಿಲ್ಲ ಇವ್ರು.”

ಈ ನಕ್ಷೆ ಬರೀ ತಿಳಿವಳಿಕೆಗೆ, ಕೋರ್ಟಿಗಲ್ಲ. ಹಳೇ ಕಾಗದದ ಗೆರೆ ಉಪಗ್ರಹದ ಚಿತ್ರದ ಮೇಲೆ ಕೂರುವಾಗ ನಾಲ್ಕಾರು ಅಡಿ ಜರುಗಿರಬಹುದು. ನಿಜವಾದ ಎಲ್ಲೆ ಬೇಕಾದರೆ ಸರ್ವೇಯರನ್ನೇ ಕರೆಸಬೇಕು, ಇಲ್ಲವೇ ಕ್ರಯಪತ್ರದ ಚಕ್ಕುಬಂದಿ ನೋಡಬೇಕು. ನೋಡೇಬಿಡೋಣ ಅಂತ ಇಬ್ಬರೂ ಬೀರುವಿನಿಂದ ಪತ್ರ ತಂದೆವು. ನನ್ನದರಲ್ಲಿ ‘ಪಶ್ಚಿಮಕ್ಕೆ’ ಅಂತ ರಾಯರ ಹೆಸರು, ಅವರ ತಂದೆಯ ಹೆಸರಿನ ಸಮೇತ. ಅವರು ನನಗಿಂತ ಆರು ವರ್ಷ ಮೊದಲು ಕೊಂಡವರು. ಅವರದರಲ್ಲಿ ‘ಪೂರ್ವಕ್ಕೆ: ಖಾಲಿ ನಿವೇಶನ’.

ರಾಯರು ಅದನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಕನ್ನಡಕ ಹಣೆಗೇರಿಸಿ, ಪತ್ರ ಕಂಕುಳಲ್ಲಿ ಸಿಕ್ಕಿಸಿ, ಗೋಡೆಯ ಮೇಲಿಂದ ಕೈಚಾಚಿ ನಮ್ಮ ಮರದಿಂದ ನಾಲ್ಕು ನುಗ್ಗೆಕಾಯಿ ಕಿತ್ತುಕೊಂಡರು.

“ಖಾಲಿ ಸೈಟಿಂದಲ್ವೇ?” ಅಂದರು.