ಹಿಮ್ಮಡಿ ಪಂಚಾಯ್ತಿ

ಮನುಷ್ಯ ನೆಟ್ಟಗೆ ನಿಲ್ಲುವುದು ಬೆನ್ನೆಲುಬಿನ ಬಲದಿಂದ ಎಂದು ಶಾಲೆಯಲ್ಲಿ ಕಲಿತಿದ್ದೆ. ಮುಂದೆ ಮಾಸ್ತರನಾಗಿ ಅದನ್ನೇ ಕಲಿಸಿದೆ. ಬೆನ್ನೆಲುಬಿನದು ಬರೀ ಮುಖ್ಯಮಂತ್ರಿ ಕುರ್ಚಿ, ಹೈಕಮಾಂಡ್ ಇರುವುದು ಹಿಮ್ಮಡಿಯಲ್ಲಿ ಎಂಬುದು ನಿವೃತ್ತಿಯಾದ ಮೇಲೆ ತಿಳಿಯಿತು. ಹಿಮ್ಮಡಿ ನಾಲ್ಕು ಮಿಲಿಮೀಟರ್ ಮೇಲೆದ್ದರೆ ಸಾಕು, ಮೊಣಕಾಲು ತಕರಾರು ತೆಗೆಯುತ್ತದೆ, ಸೊಂಟ ಬೆಂಬಲ ವಾಪಸ್ ಪಡೆಯುತ್ತದೆ, ಸರ್ಕಾರ ಮುಗ್ಗರಿಸುತ್ತದೆ.

ನಮ್ಮ ಮನೆತನದಲ್ಲಿ ಈ ಬಿಕ್ಕಟ್ಟು ಏಕಕಾಲಕ್ಕೆ ಎರಡು ಖಂಡಗಳಲ್ಲಿ ತಲೆದೋರಿತು. ಸಿಂಧನೂರಿನಲ್ಲಿ ನನಗೆ, ಕೆನಡಾದ ಟೊರಾಂಟೊ ಪಕ್ಕದ ಮಿಸಿಸಾಗಾದಲ್ಲಿ ಮೊಮ್ಮಗನಿಗೆ. ನನ್ನ ಸಕ್ಕರೆಯ ರಿಪೋರ್ಟು ನೋಡಿದ ಡಾಕ್ಟರು, ಆಮೇಲೆ ನನ್ನ ಕಾಲು ನೋಡಿ, ಕೊನೆಗೆ ಕಾಲಲ್ಲಿದ್ದ ಹವಾಯಿ ಚಪ್ಪಲಿ ನೋಡಿ, "ಇನ್ನ ಮ್ಯಾಲ ಬೂಟೇ ಹಾಕ್ಬೇಕ್ರಿ ಸರ" ಎಂದರು. ಮೊಮ್ಮಗ ಐಸ್ ಹಾಕಿ ಆಡುವ ಪೋರ. ಕಾಲು ಬೆಳೆದು ಹಳೆಯ ಸ್ಕೇಟು ಬಿಗಿಯಾಗಿ, ಬೇರೊಂದು ಕಂಪನಿಯ ಬೂಟಿಗೆ ಪಕ್ಷಾಂತರ ಮಾಡಿದ್ದ. ಅಜ್ಜ ಮೊಮ್ಮಗ ಇಬ್ಬರೂ ಹೊಸ ಬೂಟು ಹಾಕಿ ಎದ್ದು ನಿಂತದ್ದೇ ತಡ, ಇಬ್ಬರೂ ಮುಂದಕ್ಕೆ ವಾಲಿದೆವು. ಅವನು ಐಸ್ ಮೇಲೆ ಬಿದ್ದ. ನಾನು ಬೀಳಲಿಲ್ಲ, ಆದರೆ ಕಾಲುವೆ ದಂಡೆಯ ವಾಕಿಂಗಿನಲ್ಲಿ ಎದುರಿಗೆ ಬಂದವರಿಗೆಲ್ಲ ಸೊಂಟ ಬಗ್ಗಿಸುತ್ತ ಹೊರಟಿದ್ದು ನೋಡಿ, ಮಾಸ್ತರು ಈ ಸಲ ನಗರಸಭೆಗೆ ನಿಲ್ಲುತ್ತಾರೆಂದು ಊರಲ್ಲಿ ಸುದ್ದಿಯಾಯಿತು.

ಕಾರಣ ಕೇಳಿದರೆ ಬಲು ಸಣ್ಣದು. ಹವಾಯಿ ಚಪ್ಪಲಿ ಸಮತಾವಾದಿ. ಬೆರಳಿಗೂ ಹಿಮ್ಮಡಿಗೂ ಅಲ್ಲಿ ಒಂದೇ ಎತ್ತರ. ವಾಕಿಂಗ್ ಶೂ ಹಾಗಲ್ಲ. ಬಹಳಷ್ಟು ಶೂಗಳಲ್ಲಿ ಹಿಮ್ಮಡಿ ಮುಂಗಾಲಿಗಿಂತ ಎಂಟರಿಂದ ಹನ್ನೆರಡು ಮಿಲಿಮೀಟರ್ ಮೇಲಿರುತ್ತದೆ. ಜೀವಮಾನವಿಡೀ ಸಪಾಟಾಗಿ ನಿಂತವನನ್ನು ಇಳಿಜಾರಿನಲ್ಲಿ ನಿಲ್ಲಿಸಿದರೆ ಮೀನಖಂಡ ಸುಮ್ಮನಿದ್ದೀತೆ? ಮೊಮ್ಮಗನ ಸ್ಕೇಟಿನಲ್ಲೂ ಇದೇ ಕಥೆ, ಎರಡು ಮಾಳಿಗೆಯ ಮೇಲೆ. ಮೇಲೆ ಬೂಟು, ಅದರ ಕೆಳಗೆ ಪ್ಲಾಸ್ಟಿಕ್ಕಿನ ಹೋಲ್ಡರು, ಅದರೊಳಗೆ ಮೂರು ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿ. ಹೋಲ್ಡರಿನ ಹಿಂಭಾಗ ಮುಂಭಾಗಕ್ಕಿಂತ ಎತ್ತರ; ಎಷ್ಟು ಎತ್ತರ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಇದಕ್ಕೆ ಆಟಗಾರರು ಪಿಚ್ ಅನ್ನುತ್ತಾರೆ. ಉಕ್ಕಿನ ಪಟ್ಟಿಯೂ ನೇರ ಇಲ್ಲ, ಮೂಗಿನಿಂದ ಬಾಲದವರೆಗೆ ಬಾಗಿದೆ. ಐಸ್‌ಗೆ ತಾಗುವುದು ನಡುವಿನ ಸ್ವಲ್ಪವೇ ಭಾಗ. ಆ ಭಾಗ ಒಂದಿಷ್ಟು ಹಿಂದೆ ಮುಂದೆ ಸರಿದರೂ ಆಟಗಾರ ಕಾಲ್ಬೆರಳ ಮೇಲೆ ಹೋಗುತ್ತಾನೆ, ಇಲ್ಲವೇ ಹಿಂದಕ್ಕೆ ಕೂರುತ್ತಾನೆ. ಹಳೆಯ ಬೂಟಿನ ಪಿಚ್ಚಿಗೆ ವರ್ಷಗಟ್ಟಲೆ ಒಗ್ಗಿದ ಮೊಣಕಾಲಿಗೆ ಕಂಪನಿ ಬದಲಾದದ್ದು ಯಾರು ಹೇಳಬೇಕು?

ಇದನ್ನೆಲ್ಲ ಮಗ ವಿಡಿಯೊ ಕಾಲಿನಲ್ಲಿ ವಿವರಿಸಿದ. ಅಲ್ಲಿ ಮಕ್ಕಳ ಅಭ್ಯಾಸಕ್ಕೆ ಐಸ್ ಸಿಗುವುದು ಕೋಳಿ ಕೂಗುವ ಹೊತ್ತಿಗೆ. ಅವರಿಗೆ ಚಳಿಗಾಲದ ಬೆಳಗಿನ ಆರು ಅಂದರೆ ನಮಗೆ ಸಂಜೆ ನಾಲ್ಕೂವರೆ. ಅವನು ಟೊಪ್ಪಿಗೆ, ಕೈಗವಸು, ಮೂರು ಸುತ್ತು ಮಫ್ಲರಿನೊಳಗಿಂದ ಮಾತಾಡುತ್ತಿದ್ದ. ನಾನು ಬನಿಯನ್ನಿನಲ್ಲಿ ಫ್ಯಾನಿನ ಕೆಳಗೆ ಕೇಳುತ್ತಿದ್ದೆ.

ಪಿಚ್ಚಿನವರೆಗೆ ನನ್ನ ಹೆಂಡತಿ ಸಹಿಸಿದಳು. ಅಳತೆಯ ಮಾತು ಬಂದಾಗ ಸಹಿಸಲಿಲ್ಲ. ಹಾಕಿ ಸ್ಕೇಟನ್ನು ದಿನದ ಶೂಗಿಂತ ಒಂದು, ಒಂದೂವರೆ ನಂಬರು ಚಿಕ್ಕದು ಕೊಳ್ಳಬೇಕಂತೆ. ನೆಟ್ಟಗೆ ನಿಂತರೆ ಹೆಬ್ಬೆರಳು ಮುಂದಿನ ಟೊಪ್ಪಿಗೆಯನ್ನು ಮುಟ್ಟಿಯೂ ಮುಟ್ಟದಂತೆ ಇರಬೇಕು, ಮೊಣಕಾಲು ಬಗ್ಗಿಸಿದರೆ ಹಿಂದೆ ಸರಿಯಬೇಕು. ಲೇಸು ಕಟ್ಟುವ ಮುನ್ನ ಎರಡು ಕಡೆಯ ರಂಧ್ರಗಳ ಮೇಲೆ ಅಡ್ಡಲಾಗಿ ಪೆನ್ಸಿಲ್ ಇಡುತ್ತಾರೆ. ಪೆನ್ಸಿಲ್ ಪಾದದ ಮೇಲ್ಭಾಗಕ್ಕೆ ತಾಗಿದರೆ ಬೂಟಿನ ಆಳ ಸಾಲದು ಎಂದರ್ಥ. ಇಷ್ಟೆಲ್ಲ ನೋಡಿ ಕೊಂಡ ಬೂಟನ್ನು ಅಂಗಡಿಯವರೇ ಎಂಬತ್ತು ಡಿಗ್ರಿಯ ಆಸುಪಾಸು ಬಿಸಿಯಿರುವ ಓವನ್ನಿನಲ್ಲಿಟ್ಟು, ಮೆತ್ತಗಾದ ಮೇಲೆ ಹುಡುಗನ ಕಾಲಿಗೆ ತೊಡಿಸಿ, ಆರುವ ತನಕ ಅಲ್ಲಾಡದೆ ಕೂರಿಸುತ್ತಾರೆ.

"ಅಷ್ಟು ರೊಕ್ಕ ಕೊಟ್ಟು ಕಾಲಿಗಿಂತ ಸಣ್ಣ ಬೂಟು ತಗೊಂಡು, ಮ್ಯಾಲ ಅದನ್ನ ಬೇಯಿಸಿ ಹಾಕ್ತಾರೇನು?" ಎಂದಳು ಈಕೆ. ಅವಳ ಆಘಾತಕ್ಕೆ ಆಧಾರವಿದೆ. ಇದೇ ಮಗನಿಗೆ ಪ್ರತಿ ಜೂನ್‌ನಲ್ಲಿ ಸಾಲೀ ಬೂಟು ತರುವಾಗ ಅವಳು ಪಾಲಿಸಿದ್ದು ಈ ಸೀಮೆಯ ಸರ್ವಸಮ್ಮತ ಶಾಸ್ತ್ರ: ಕಾಲಿಗಿಂತ ಎರಡು ನಂಬರು ದೊಡ್ಡದು. ಮೊದಲ ವರ್ಷ ಮುಂದೆ ಹತ್ತಿ ತುರುಕಬೇಕು, ಎರಡನೇ ವರ್ಷ ಹತ್ತಿ ತೆಗೆಯಬೇಕು, ಮೂರನೇ ವರ್ಷ ಬೂಟು ತಮ್ಮನಿಗೆ ಹೋಗಿ ಹತ್ತಿ ಮತ್ತೆ ಒಳಗೆ ಬರಬೇಕು. ಬೂಟು ಎಂಬುದು ಹೊಲ ಮನೆಯ ಹಾಗೆ ಮುಂದಿನ ಪೀಳಿಗೆಗೆ ಮಾಡಿಡುವ ಆಸ್ತಿ. ಕೆನಡಾದವರು ಅದನ್ನು ಬಿಸಿಬಿಸಿಯಾಗಿ ಒಬ್ಬನೇ ಹುಡುಗನ ಒಂದು ಚಳಿಗಾಲಕ್ಕೆ ಅಚ್ಚು ಹಾಕಿಬಿಡುತ್ತಾರೆ.

ನಂಬರಿನ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ನಾವು ಏಳು, ಎಂಟು ಎಂದು ಕೇಳುವ ಅಳತೆ ಇಂಗ್ಲೆಂಡಿನದು. ಅಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಇರುವ ಅಂತರ ಒಂದು ಜವೆಗೋದಿ ಕಾಳಿನ ಉದ್ದ, ಅಂದರೆ ಇಂಚಿನ ಮೂರನೇ ಒಂದು ಪಾಲು. ಬಿಳಿಜೋಳ ತಿಂದು ಬೆಳೆದ ರಾಯಚೂರು ಜಿಲ್ಲೆಯ ಕಾಲನ್ನು ಪರದೇಶದ ಬಾರ್ಲಿಯಿಂದ ಅಳೆದರೆ ಸರಿ ಹೊಂದುವುದು ಹೇಗೆ? ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರಿಗೂ ಈ ಅನುಮಾನ ಬಂದಿರಬೇಕು. 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು ನೋಡಿ, ಭಾರತೀಯರ ಪಾದ ಹೊರಗಿನವರದಕ್ಕಿಂತ ಅಗಲ ಎಂದರು. ‘ಭಾ’ ಎಂಬ ನಮ್ಮದೇ ಅಳತೆಯ ಪ್ರಸ್ತಾಪ ಇಟ್ಟರು. ನನ್ನ ಶೂ ಉದ್ದಕ್ಕೆ ಸರಿಯಾಗಿ ಅಗಲಕ್ಕೆ ಕಿರುಬೆರಳನ್ನು ಹಿಸುಕುತ್ತಿದ್ದದ್ದು ಹೀಗೆ ರಾಷ್ಟ್ರೀಯ ಸಮಸ್ಯೆ ಎಂದು ಗೊತ್ತಾಗಿ, ನೋವಿಗೆ ಒಂದು ಘನತೆ ಬಂತು.

ಇನ್ನು ಪರಿಹಾರ. ಸಿಂಧನೂರಿನಲ್ಲಿ ಯಾವ ಸಮಸ್ಯೆಯನ್ನಾದರೂ ಮೊದಲು ಟ್ರ್ಯಾಕ್ಟರ್ ಮೆಕ್ಯಾನಿಕ್ಕಿಗೆ ತೋರಿಸುವುದು ರೂಢಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಇದು ಭತ್ತದ ಊರು, ಭತ್ತದಿಂದಾಗಿ ಟ್ರ್ಯಾಕ್ಟರಿನ ಊರು. ನನ್ನ ಹಳೇ ವಿದ್ಯಾರ್ಥಿಯೊಬ್ಬನ ಗ್ಯಾರೇಜಿಗೆ ಹೋಗಿ, ಮೊಬೈಲಿನಲ್ಲಿ ಮೊಮ್ಮಗನ ಸ್ಕೇಟಿನ ಫೋಟೊ ತೋರಿಸಿದೆ. ಗ್ರೀಸಿನ ಬೆರಳಿನಿಂದ ಚಿತ್ರ ದೊಡ್ಡದು ಮಾಡಿ ನೋಡಿದ. ಹಾಕಿ ಗೊತ್ತಿಲ್ಲ, ಐಸ್ ಅಂದರೆ ಅವನಿಗೆ ಮದುವೆ ಮನೆಯ ಗಡ್ಡೆ. ಆದರೂ ಅರೆ ನಿಮಿಷದಲ್ಲಿ ರೋಗ ಹಿಡಿದ.

"ಇದು ಟಾಪ್ ಲಿಂಕ್ ಕೇಸ್ರೀ ಸರ."

ಟ್ರ್ಯಾಕ್ಟರಿನ ಹಿಂದೆ ನೇಗಿಲು ಮೂರು ಕಡೆ ಸಿಕ್ಕಿಸಿರುತ್ತಾರೆ: ಕೆಳಗೆರಡು ತೋಳು, ಮೇಲೊಂದು ತಿರುಪಿನ ಸರಳು. ಆ ಮೇಲಿನದೇ ಟಾಪ್ ಲಿಂಕ್. ತಿರುವಿ ಗಿಡ್ಡ ಮಾಡಿದರೆ ನೇಗಿಲಿನ ಮೂಗು ನೆಲಕ್ಕೆ ಚುಚ್ಚುತ್ತದೆ, ಉದ್ದ ಮಾಡಿದರೆ ಮೂಗೆತ್ತಿ ಬಾಲ ಎಳೆಯುತ್ತದೆ. "ನಿಮ್ಮ ಹುಡುಗಂದು ಮೂಗು ಚುಚ್ಚಾಕ ಹತ್ಯಾದ. ಎರಡು ಸುತ್ತು ಬಿಚ್ಚಿದ್ರ ಸಾಕು. ಆದ್ರ ಒಮ್ಮಿಗೇ ಬಿಚ್ಚಬ್ಯಾಡ್ರಿ. ಅರ್ಧ ಸುತ್ತು ಬಿಚ್ಚು, ಒಂದು ಸಾಲು ಹೊಡಿ, ಇಳಿದು ನೋಡು, ಮತ್ತ ಅರ್ಧ ಸುತ್ತು." ಕೆಸರುಗದ್ದೆಗೆ ಇಳಿಯುವಾಗ ಟ್ರ್ಯಾಕ್ಟರೂ ರಬ್ಬರಿನ ಜೊತೆ ಕಬ್ಬಿಣದ ಕೇಜ್‌ವ್ಹೀಲ್ ತೊಡುತ್ತದಲ್ಲ, ಅದನ್ನು ಹಾಕಿಕೊಂಡು ಡಾಂಬರು ರಸ್ತೆಗೆ ಬಂದರೆ ರಸ್ತೆ ಕಿತ್ತು ಹೋಗುತ್ತದೆಂದು ಬೈಸಿಕೊಳ್ಳುತ್ತದೆ. ಸ್ಕೇಟಿನವರೂ ಐಸ್ ಬಿಟ್ಟು ಹೊರಬಂದ ಕೂಡಲೇ ಬ್ಲೇಡಿಗೆ ಪ್ಲಾಸ್ಟಿಕ್ಕಿನ ಕವಚ ಹಾಕುತ್ತಾರೆ, ಇಲ್ಲವಾದರೆ ಅಂಚು ಹೋಗುತ್ತದೆ ಎಂದೆ. "ಹಂಗಾರ ಅವ್ರೂ ನಮ್ಮಂಥವ್ರೇ" ಎಂದ. ಸ್ಕೇಟು ಮಾಡುವ ಸಿಸಿಎಮ್ ಎಂಬ ಹೆಸರಿನ ಬಿಡಿಸಿದ ರೂಪ ಕೆನಡಾ ಸೈಕಲ್ ಅಂಡ್ ಮೋಟರ್, 1899ರಲ್ಲಿ ಅದು ಹುಟ್ಟಿದ್ದೇ ಸೈಕಲ್ ಕಂಪನಿಯಾಗಿ ಎಂದು ಹೇಳಿದಾಗಲಂತೂ ಅವನಿಗೆ ಇಡೀ ಐಸ್ ಹಾಕಿ ತನ್ನ ಇಲಾಖೆಗೆ ಸೇರಿದ್ದು ಎಂದು ಖಾತ್ರಿಯಾಯಿತು. ಆದರೆ ನನ್ನ ಶೂಗೆ ತಿರುಪು ಇರಲಿಲ್ಲ.

ಲಿಂಗಸುಗೂರಿನಲ್ಲಿರುವ ನನ್ನ ಭಾವಮೈದುನ ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತನಾದವ. 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿ ಎಂದು ಶುರುವಾದ ಆ ಗಣಿಯ ಪಾತಾಳಕ್ಕೆ ಇಳಿದವರಿಗೆ ಬೂಟಿನ ಬಗ್ಗೆ ಇರುವ ಅಭಿಪ್ರಾಯ ನಮ್ಮ ನಿಮ್ಮ ಹಾಗೆ ಅಂಗಡಿಯ ಕನ್ನಡಿಯಲ್ಲಿ ಹುಟ್ಟಿದ್ದಲ್ಲ. ಬೆರಳಿನ ಮೇಲೆ ಉಕ್ಕಿನ ಟೊಪ್ಪಿಗೆ ಇರುವ ಬೂಟು ಒಂದು ಕೂದಲು ಸಣ್ಣದಾದರೆ ಇಳಿಜಾರಿನಲ್ಲಿ ಇಳಿಯುವಾಗ ಉಗುರು ಕಪ್ಪಾಗುತ್ತದೆ. ದೊಡ್ಡದಾದರೆ ಹಿಮ್ಮಡಿ ಎದ್ದು ಗುಳ್ಳೆ. ಶೂ ತೋರಿಸಲು ಹೋದ ನನ್ನನ್ನು ಅವನು ಕಟ್ಟೆಯ ಮೇಲೆ ಕೂರಿಸಿ, ಲೇಸು ಪೂರಾ ಸಡಿಲಿಸಿ, ಬೆರಳು ಮುಂದಕ್ಕೆ ತಳ್ಳಿಸಿ, ಹಿಮ್ಮಡಿಯ ಹಿಂದೆ ತನ್ನ ತೋರುಬೆರಳು ಇಳಿಸಿ ನೋಡಿದ. ಸ್ಕೇಟಿನ ಅಂಗಡಿಯವರೂ ಇದೇ ಪರೀಕ್ಷೆ ಮಾಡುತ್ತಾರೆ. ಆಮೇಲೆ ಹಿಮ್ಮಡಿಯನ್ನು ನೆಲಕ್ಕೆ ಟಪ್ಪೆಂದು ಬಡಿಸಿ ಹಿಂದಕ್ಕೆ ಕೂರಿಸಿ, ಮುಂದೆ ಸಡಿಲ, ಕಣಕಾಲಿನ ಹತ್ತಿರ ಬಿಗಿ ಎಂದು ಲೇಸು ಕಟ್ಟಿದ. "ಮಾವ, ಬೂಟು ಹಿಮ್ಮಡಿ ಹಿಡೀಬೇಕು, ಬೆರಳು ಹಿಡೀಬಾರ್ದು" ಎಂದ. ಅರ್ಧ ಕಷ್ಟ ಅಲ್ಲೇ ಇಳಿಯಿತು. ಉಳಿದ ಅರ್ಧಕ್ಕೆ ಮಸ್ಕಿಗೆ ಹೋಗು ಎಂದ, ಹೇಗೂ ಸಿಂಧನೂರಿನ ದಾರಿಯಲ್ಲೇ ಇದೆ.

ಮಸ್ಕಿ ಎಂದರೆ ಓದಿದವರಿಗೆ ಅಶೋಕ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬಾತ ಇಲ್ಲಿ ಬಂಡೆಯ ಮೇಲಿನ ಶಾಸನ ಕಂಡ. ದೇವಾನಾಂಪ್ರಿಯ ಎಂದಷ್ಟೇ ಬೇರೆಡೆ ಬರೆಸಿಕೊಂಡವನು ಅಶೋಕನೇ ಎಂದು ಹೆಸರು ಹಿಡಿದು ಹೇಳಿದ್ದು ಆ ಬಂಡೆ. ನಾನು ಆ ಪಾಠವನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಅದರಲ್ಲಿ ಅಡಗಿದ್ದ ಪಾದರಕ್ಷೆಯ ನೀತಿ ಹೊಳೆದದ್ದು ಈಗ. ಬುದ್ಧನ ದಾರಿ ಹಿಡಿದು ಎರಡೂವರೆ ವರ್ಷ ದಾಟಿತು ಎನ್ನುತ್ತಾನೆ ಚಕ್ರವರ್ತಿ. ಇದೇ ಶಾಸನದ ಬೇರೆ ಪ್ರತಿಗಳಲ್ಲಿ, ಮೊದಮೊದಲು ತನ್ನ ಪ್ರಯತ್ನ ಅಷ್ಟಕ್ಕಷ್ಟೇ ಇತ್ತು ಎಂದೂ ಹೇಳುತ್ತಾನೆ. ಬದಲಾಯಿಸಿದ್ದಕ್ಕೆ ಒಗ್ಗಿಕೊಳ್ಳಲು ಮೌರ್ಯ ಸಾಮ್ರಾಜ್ಯಕ್ಕೇ ಅಷ್ಟು ಹೊತ್ತು ಬೇಕಾಯಿತು. ಒಂದೇ ವಾರದಲ್ಲಿ ಗೋಲು ಹೊಡೆಯಲಿಲ್ಲವೆಂದು ಮೊಮ್ಮಗನ ಮೇಲೆ ಸಿಡುಕುವ ಕೋಚಿಗೆ ಈ ಶಾಸನದ ಪ್ರತಿ ಕಳಿಸಬೇಕು.

ಮಸ್ಕಿಯ ರಸ್ತೆ ಬದಿಯಲ್ಲಿ, ಬೇವಿನ ಮರದ ಕೆಳಗೆ ಕೂತು ಚಪ್ಪಲಿ ಹೊಲಿಯುವ ಹಿರಿಯ ನನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲ. "ನಡೀರಿ" ಎಂದ. ನಡೆದೆ. "ತಿರುಗ್ರಿ" ಎಂದ. ತಿರುಗಿದೆ. ಶೂ ಬಿಚ್ಚಿಸಿ, ಅಟ್ಟೆ ಸವೆದ ಜಾಗದ ಮೇಲೆ ಹೆಬ್ಬೆರಳು ಆಡಿಸಿದ. ಒಳಗಿನ ಮೆತ್ತೆ ಕಿತ್ತು, ರಂಪಿಗೆಯಿಂದ ಅದರ ಹಿಮ್ಮಡಿಯ ದಪ್ಪವನ್ನು ಈರುಳ್ಳಿ ಪೊರೆಯಷ್ಟಷ್ಟೇ ಕೆತ್ತಿದ. ತೆಳು ತೊಗಲಿನ ತುಂಡೊಂದನ್ನು ಅರ್ಧಚಂದ್ರಾಕಾರ ಕತ್ತರಿಸಿ, ಅಂಚು ಸವರಿ, ಮುಂಗಾಲಿನ ಕೆಳಗೆ ಅಂಟಿಸಿದ. ಕಿರುಬೆರಳಿನ ಕಡೆ ಕಟ್ಟಿಗೆಯ ಅಚ್ಚು ತೂರಿಸಿ ಬಡಿದು ಹಿಗ್ಗಿಸಿದ. ಹಾಕಿಕೊಂಡು ನಿಂತೆ. ಎದುರಿಗಿನ ಬಸ್ಸಿನ ಬೋರ್ಡು ಬಹಳ ದಿನಗಳ ಮೇಲೆ ನೇರವಾಗಿ ಕಾಣಿಸಿತು.

ಅದೇ ವಾರ ಮಿಸಿಸಾಗಾದಲ್ಲೂ ಇದೇ ಚಿಕಿತ್ಸೆ ನಡೆದಿತ್ತು. ಸ್ಕೇಟು ರಿಪೇರಿಯವನು ಹೋಲ್ಡರು ಬಿಚ್ಚಿ, ಮುಂಭಾಗದಲ್ಲಿ ಬೂಟಿಗೂ ಹೋಲ್ಡರಿಗೂ ನಡುವೆ ಒಂದು ತೆಳು ಬಿಲ್ಲೆ ಕೂರಿಸಿ ಮತ್ತೆ ರಿವೆಟ್ ಹೊಡೆದ. ಉಕ್ಕನ್ನು ತೇಯುವುದು ಕೊನೆಯ ಉಪಾಯ, ತೇಯ್ದದ್ದು ಮರಳಿ ಬರುವುದಿಲ್ಲ ಎಂದನಂತೆ. ಅವನ ಕೂಲಿಯನ್ನು ರೂಪಾಯಿಗೆ ತಿರುಗಿಸಿ ಹೇಳಿದರೆ ಮಸ್ಕಿಯ ಹಿರಿಯನಿಗೆ ಎದೆನೋವು ಬಂದೀತೆಂದು ನಾನು ಹೇಳಿಲ್ಲ. ಮೊಮ್ಮಗ ಈಗ ನೆಟ್ಟಗೆ ನಿಲ್ಲುತ್ತಾನೆ, ಆಡುತ್ತಾನೆ. ಒಂದೇ ಸಣ್ಣ ತೊಂದರೆ: ಬೂಟು ಸರಿಯಾಗುವ ಹೊತ್ತಿಗೆ ಅವನ ಕಾಲು ಇನ್ನೊಂದು ಜವೆಗೋದಿ ಕಾಳಿನಷ್ಟು ಬೆಳೆದಿದೆ. "ನಾ ಆಗಲೇ ಹೇಳಿದ್ದೆ, ಎರಡು ನಂಬರು ದೊಡ್ಡದು" ಎಂದು ನಮ್ಮ ಮನೆಯ ಕ್ರೀಡಾ ಸಲಹೆಗಾರ್ತಿ ಹೇಳಿಕೆ ಕೊಟ್ಟಿದ್ದಾಳೆ.

ನಾನಂತೂ ಮಿಲಿಮೀಟರ್ ಲೆಕ್ಕದಲ್ಲಿ ಸಮನಾದ ಹಿಮ್ಮಡಿಯೊಂದಿಗೆ ಮಸ್ಕಿಯಿಂದ ಬಸ್ಸು ಹತ್ತಿದೆ. ಸಿಂಧನೂರು ಹತ್ತಿರವಾದಾಗ ಮಳೆ ಹಿಡಿಯಿತು. ನಮ್ಮ ಬಡಾವಣೆಗೆ ರಸ್ತೆ ಮಂಜೂರಾಗಿದೆ, ಆದ್ದರಿಂದ ರಸ್ತೆ ಇಲ್ಲ, ಇರುವುದು ಎರೆಮಣ್ಣು. ಒಣಗಿದಾಗ ಕಾಲು ಇಳಿಯುವಷ್ಟು ಬಿರುಕು ಬಿಡುವ ಈ ಮಣ್ಣು ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ. ಮೊದಲ ಹೆಜ್ಜೆಗೆ ಅಟ್ಟೆಯ ಕೆಳಗೆ ಒಂದು ಪದರ ಮೆತ್ತಿತು. ಆ ಪದರಕ್ಕೆ ಎರಡನೇ ಹೆಜ್ಜೆಯ ಮಣ್ಣು, ಅದಕ್ಕೆ ಮೂರನೆಯದು. ಬಸ್ಸಿನಿಂದ ಐದೂವರೆ ಅಡಿಯವನಾಗಿ ಇಳಿದ ನಾನು ಕರೆಂಟ್ ಕಂಬ ದಾಟುವಾಗ ಎರಡಿಂಚು ಬೆಳೆದಿದ್ದೆ, ಕಿರಾಣಿ ಅಂಗಡಿಯ ಹತ್ತಿರ ಬಲಗಡೆ ಇನ್ನೂ ಒಂದಿಂಚು. ಮುಂದೆ ವಾಲಿದೆ, ಹಿಂದೆ ವಾಲಿದೆ, ಯಾವ ಕಂಪನಿಯೂ ಇನ್ನೂ ತಯಾರಿಸದ ಪಿಚ್ಚುಗಳಲ್ಲಿ ಪಕ್ಕಕ್ಕೂ ವಾಲಿದೆ. ಕೊನೆಗೆ ಎರಡೂ ಶೂ ಬಿಚ್ಚಿ ಎದೆಗೆ ಅವುಚಿಕೊಂಡು ಬರಿಗಾಲಲ್ಲಿ ಮನೆ ಸೇರಿದೆ.

ಬಾಗಿಲಲ್ಲಿ ನಿಂತಿದ್ದವಳು ಶೂ ನೋಡಿದಳು, ಕಾಲು ನೋಡಿದಳು. "ಡಾಕ್ಟರು ಕಾಲಿಗೆ ಹಾಕ್ಕೋ ಅಂದಿದ್ರಲ್ಲ?"

"ಇವತ್ತೇ ಸರಿ ಮಾಡಿಸಿದ್ದು, ಹಾಳಾಗಬಾರ್ದು ನೋಡು" ಎಂದೆ.